ಆ ಚಪ್ಪಡಿಗಳನ್ನು ಎಬ್ಬಿಸಬೇಡಿ

ಮೂಡಿಗೆರೆಯ, ಕಳಸದ, ಚಿಕ್ಕಮಗಳೂರು ಗಿರಿ ತಪ್ಪಲಿನ ಬೆಳೆಗಾರ ಬಂಧುಗಳೇ, ಹೊಸ ಗಿಡಕ್ಕೆ ಗುಂಡಿ ತೆಗೆಸುವಾಗಲೋ ಹೋಂಸ್ಟೇಗೆಂದು ದಿಣ್ಣೆ ಸಮ ಮಾಡಿಸುವಾಗಲೋ, ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಕೋಣೆ ಜೆಸಿಬಿಗೆ ತಗುಲಿದರೆ, ಅದು ತಾನಾಗಿ ಬಿದ್ದ ಬಂಡೆಯಲ್ಲವೆಂದು ನಿಮಗೆ ಗೊತ್ತು. ಅಂಥದ್ದನ್ನು ಪಾಂಡವರ ಮನೆ, ಮೋರಿಯರ ಮನೆ ಎಂದು ಕರೆದು ಹಿರಿಯರು ಕೈಹಾಕದೆ ಬಿಟ್ಟಿದ್ದರೆಂದೂ ನಿಮಗೆ ಗೊತ್ತು. ಗೊತ್ತಿದ್ದೂ ಮುಖ ತಿರುಗಿಸುತ್ತೀರಲ್ಲ, ನನ್ನ ಸಂಕಟ ಅದೇ.

ಅದು ಸಮಾಧಿ. ಎರಡು ಸಾವಿರ ವರ್ಷಗಳಿಗೂ ಹಿಂದೆ, ಕಬ್ಬಿಣ ಬಲ್ಲ, ಅಕ್ಷರವರಿಯದ ಜನ, ತೀರಿಕೊಂಡ ತಮ್ಮವರ ಮೂಳೆಗಳನ್ನು ಆಯ್ದು ತಂದು, ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆಗಳ ಜೊತೆಗಿಟ್ಟು, ಊರಿಗೆ ಊರೇ ಹೆಗಲು ಕೊಟ್ಟರಷ್ಟೇ ಏಳುವಂಥ ಕಲ್ಲನ್ನು ಮೇಲೆ ಮುಚ್ಚಿ ಹೋದರು. ಶಾಸನ ಬರೆಸಲಿಲ್ಲ, ಹೆಸರು ಕೆತ್ತಲಿಲ್ಲ, ನಮ್ಮವರೆಂದು ಬಂದು ಕೇಳುವವರೂ ಇಲ್ಲ. ಅವರ ಪರವಾಗಿ ಮಾತಾಡಬಲ್ಲದ್ದು ಆ ಮಣ್ಣು, ಮಡಕೆ ಕೂತ ಜಾಗ, ಒಂದು ಚೂರು ಇದ್ದಿಲು, ಅಷ್ಟೇ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ, ಪದರದ ಮೇಲಿನ ಪದರ ಕದಲದೆ ಇದ್ದದ್ದರಿಂದಲೇ ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೊಂದು ಕಾಲಾನುಕ್ರಮ ಸಿಕ್ಕಿತು. ಯಂತ್ರ ಒಮ್ಮೆ ಮಗುಚಿದ ಮಣ್ಣನ್ನು ಯಾವ ವಿದ್ವಾಂಸನೂ ಓದಲಾರ. ಇದೂ ನಿಮಗೆ ಗೊತ್ತು.

ಘಟ್ಟ ಇಳಿದರೆ ಮೂಡುಬಿದಿರೆ ಬಳಿ ಮೂಡು ಕೊಣಾಜೆ. ಅಲ್ಲಿನ ಒಂಬತ್ತು ಕಲ್ಮನೆಗಳಲ್ಲಿ ಹಾಳಾಗದೆ ಉಳಿದವು ಎರಡೇ. ಆ ಹಾಳಿನ ನಡುವೆಯೂ ವಿದ್ವಾಂಸ ಟಿ. ಮುರುಗೇಶಿಯವರಿಗೆ ಮಾತೃದೇವತೆಯ, ನವಿಲಿನ, ಕುದುರೆಯ ಸುಟ್ಟಮಣ್ಣಿನ ಬೊಂಬೆಗಳು ಸಿಕ್ಕವು. ಕೆಟ್ಟುಹೋದವುಗಳ ಒಡಲಲ್ಲಿ ಇನ್ನೇನಿತ್ತೋ!

ತೋಟ ಕೈತಪ್ಪೀತೆಂಬ ಭಯ ನಿಮ್ಮದು. ಸಾಲ, ಅಕಾಲದ ಮಳೆ, ಒತ್ತುವರಿ ನೋಟಿಸು ಕಂಡವರಿಗೆ ಇಲಾಖೆಯೆಂದರೆ ಎದೆ ನಡುಗುವುದು ಸಹಜ. ಆದರೆ ಕಲ್ಲುಕೋಣೆ ಕಂಡ ಮಾತ್ರಕ್ಕೆ ಜಮೀನು ಸರ್ಕಾರದ್ದಾಗುವುದಿಲ್ಲ. ನಾಲ್ಕು ಗಿಡದ ಜಾಗ ಬಿಟ್ಟರೆ ಫಸಲು ಮುಳುಗುವುದಿಲ್ಲ. ಬಾಯಿ ಮುಚ್ಚಿಕೊಂಡಿರೆಂದು ಆಳಿಗೆ ಹೇಳಿದರೂ ನಿಧಿಗಳ್ಳರಿಗೆ ಸುದ್ದಿ ಮುಟ್ಟಿಯೇ ಮುಟ್ಟುತ್ತದೆ, ಅವರು ಬಂದುಹೋದ ಮೇಲೆ ಉಳಿಯುವುದು ಒಡೆದ ಬೋಕಿ, ತುಳಿದ ಮೂಳೆ. ಅದೂ ನಿಮಗೆ ಗೊತ್ತು.

ಹಾಗಾಗಿ ಕೆಲಸ ಶುರುವಾಗುವ ಮುನ್ನವೇ ತೋಟದ ರೈಟರಿಗೆ, ಜೆಸಿಬಿ ಡ್ರೈವರಿಗೆ, ಗುಂಡಿ ತೆಗೆಯುವ ಆಳುಗಳಿಗೆ ಹೇಳಿಡಿ: ಚಪ್ಪಡಿ ಕಂಡರೆ ನಿಲ್ಲಿಸಿ, ಬಂದು ತಿಳಿಸಿ, ತಿಳಿಸಿದವರನ್ನು ಯಾರೂ ಬೈಯುವುದಿಲ್ಲ. ಕೂಡಲೇ ಟಾರ್ಪಾಲು ಹೊದಿಸಿ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ಅವರು ಬರುವುದು ತಡವಾದರೂ ಆ ಮೂಲೆಗೆ ಯಂತ್ರ ಬಿಡಬೇಡಿ.