ಕೆಂಚುಗೂದಲಿನ ಹುಡುಗಿಯೂ ನಮ್ಮ ಬಂಗಾರಗೂದಲಿನ ದೇವದೂತರೂ



ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಕಳೆದ ಸಭೆಯಲ್ಲಿ ದೇವಾಲಯದ ಸೋರುವ ಚಾವಣಿಗಿಂತ ಹೆಚ್ಚು ಹೊತ್ತು ಚರ್ಚೆಗೆ ಬಂದದ್ದು ಒಬ್ಬ ಹುಡುಗಿಯ ತಲೆಗೂದಲು. ಭಾನುವಾರದ ಬಲಿಪೂಜೆಯಲ್ಲಿ ವಾಚನ ಓದುವ, ಪದವಿ ತರಗತಿಯ ಈ ಮಗಳು ತನ್ನ ಕೆಂಚುಗೂದಲಿಗೆ ಬಂಗಾರದ ಬಣ್ಣ ಹಾಕಿಸಿಕೊಳ್ಳಲು ಯೋಚಿಸುತ್ತಿದ್ದಾಳೆಂಬ ಸುದ್ದಿ ಹೇಗೋ ಹಬ್ಬಿತ್ತು. ಬಣ್ಣ ಇನ್ನೂ ತಲೆಗೆ ತಾಗಿರಲಿಲ್ಲ. ತೀರ್ಪು ಮಾತ್ರ ಸಿದ್ಧವಾಗಿತ್ತು. ಅಂಥ ತಲೆ ಹೊತ್ತು ಅವಳು ವಾಚನಪೀಠಕ್ಕೆ ಬರಕೂಡದು, ಫಾದರ್ ಈಗಲೇ ಅದನ್ನು ಹೇಳಿಬಿಡಬೇಕು ಎಂದರು.

ನಾನು ಹೇಳಲಿಲ್ಲ. ಏಕೆ ಹೇಳಲಿಲ್ಲವೆಂಬುದನ್ನು ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಇದು ನಮ್ಮ ಒಂದೇ ಊರಿನ ಮಾತಲ್ಲ.

ಸಭೆಯಲ್ಲಿ ಹಿರಿಯರೊಬ್ಬರು ಸಂತ ಪೇತ್ರರ ಮೊದಲ ಪತ್ರದ ಮೂರನೆಯ ಅಧ್ಯಾಯವನ್ನು ಮುಂದಿಟ್ಟರು. ಜಡೆಯ ಅಲಂಕಾರದ ಬಗ್ಗೆ ಅಲ್ಲಿ ಎಚ್ಚರಿಕೆಯಿರುವುದು ನಿಜ. ಆದರೆ ಅದೇ ವಾಕ್ಯದಲ್ಲಿ ಚಿನ್ನದ ಒಡವೆಯ ಮಾತೂ ಇದೆ. ವಾರ್ಷಿಕ ಹಬ್ಬದ ದಿನ ಮುಂದಿನ ಸಾಲುಗಳಲ್ಲಿ ಎಷ್ಟು ಪವನು ಚಿನ್ನ ಮಂಡಿಯೂರುತ್ತದೆಂಬುದು ಪೀಠದ ಬಳಿ ನಿಂತವನಿಗೆ ಚೆನ್ನಾಗಿ ಕಾಣುತ್ತದೆ. ವಾಕ್ಯದ ಅರ್ಧವನ್ನು ಹುಡುಗಿಯ ತಲೆಗೆ ಕಟ್ಟಿ, ಉಳಿದರ್ಧವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಯಾವ ನ್ಯಾಯ? ಇನ್ನೊಬ್ಬರು ಮತ್ತಾಯನ ಶುಭಸಂದೇಶದ 5:36ನ್ನು ನೆನಪಿಸಿದರು. ಪ್ರಭು ಯೇಸು ಅಲ್ಲಿ ಕೂದಲಿನ ಬಣ್ಣವನ್ನು ಪ್ರಸ್ತಾಪಿಸುವುದು ತಲೆಯ ಮೇಲೆ ಆಣೆಯಿಡುವವರನ್ನು ಕುರಿತು. ಬಣ್ಣ ಹಚ್ಚುವವರನ್ನು ಕುರಿತಲ್ಲ. ಹಚ್ಚುವವರಿಗೂ ಅದು ಅನ್ವಯಿಸುವುದಾದರೆ ಆ ಮೇಜಿನ ಸುತ್ತ ಕುಳಿತಿದ್ದ ನಮ್ಮಲ್ಲಿ ಅನೇಕರು ಎದ್ದು ಹೋಗಬೇಕಾಗಿತ್ತು. ಅರವತ್ತು ದಾಟಿದವರ ಮೀಸೆ ಕಾಗೆಯಂತೆ ಕಪ್ಪಗಿರುವುದು ಪವಾಡದಿಂದಲ್ಲ. ನನ್ನ ಗುರುದೀಕ್ಷೆಯ ರಜತ ಮಹೋತ್ಸವದ ಭಾವಚಿತ್ರದಲ್ಲಿ ನನ್ನ ತಲೆಯೂ ಕಪ್ಪಗೇ ಇದೆ. ಹಿಂದಿನ ರಾತ್ರಿ ನೀರಿನಲ್ಲಿ ಕಲಸಿದ ಒಂದು ಪುಟ್ಟ ಪೊಟ್ಟಣವೇ ಅದಕ್ಕೆ ಕಾರಣ. ಯಾರೂ ನನ್ನನ್ನು ಪೀಠದಿಂದ ಇಳಿಸಲಿಲ್ಲ.

ಹಾಗೆಂದು "ಎಲ್ಲರೂ ಹಚ್ಚುತ್ತಾರೆ, ಅವಳೂ ಹಚ್ಚಲಿ" ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅವಳನ್ನೇ ಕರೆದು ಕೇಳಿದೆ. "ಏಕಮ್ಮಾ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಫಾದರ್, ಚಿಕ್ಕವಳಿದ್ದಾಗ ಪ್ರತಿ ಕ್ರಿಸ್ಮಸ್ ನಾಟಕದಲ್ಲೂ ನಾನು ಕುರಿ ಕಾಯುವವಳು. ಒಂದು ವರ್ಷವೂ ದೇವದೂತೆ ಮಾಡಲಿಲ್ಲ. ದೇವದೂತೆಗೆ ಬೆಳ್ಳಗಿರುವವರೇ ಬೇಕು ಅಂತಿದ್ದರು. ಕೂದಲು ನೋಡಿ 'ಕೆಂಚಿ, ಎಣ್ಣೆ ಕಾಣದವಳು' ಅಂತ ನಗುತ್ತಿದ್ದರು."

ಓದುಗರೇ, ಆ ನಾಟಕಗಳಲ್ಲಿ ಕೆಲವನ್ನು ನಾನೇ ಮುಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇನೆ, ಚಪ್ಪಾಳೆ ತಟ್ಟಿದ್ದೇನೆ. ಬಿಳಿ ಮೈಬಣ್ಣದ ಮಗುವಿಗೆ ರೆಕ್ಕೆ, ಕಪ್ಪು ಮಗುವಿಗೆ ಕಂಬಳಿ. ಅದರಲ್ಲಿ ಯಾವ ತಪ್ಪೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕೆಂಚ, ಕರಿಯ ಎಂದು ಮಕ್ಕಳಿಗೆ ಪ್ರೀತಿಯಿಂದ ಹೆಸರಿಟ್ಟ ನಾಡು ನಮ್ಮದು. ಅಲ್ಲಿ ಈಗ ಕೆಂಚು ಬೈಗುಳ. ಅದಕ್ಕಿಂತ ಎರಡು ಮೆಟ್ಟಿಲು ತಿಳಿಯಾದ ಬಂಗಾರದ ಬಣ್ಣ ಮಾತ್ರ ಸ್ವರ್ಗದ್ದು. ಈ ವಿಚಿತ್ರ ಲೆಕ್ಕವನ್ನು ಅವಳಿಗೆ ಕಲಿಸಿದವರು ಯಾರು? ಸಿನಿಮಾ, ಟಿವಿ ಎಂದು ನಾವು ಥಟ್ಟನೆ ಉತ್ತರಿಸುತ್ತೇವೆ. ಅವುಗಳ ಪಾಲೂ ಇದೆ. 1975ರಿಂದ 'ಫೇರ್ ಅಂಡ್ ಲವ್ಲಿ' ಎಂದು ಮಾರಾಟವಾದ ಮುಲಾಮು 2020ರಲ್ಲಿ ಹೆಸರಿನಿಂದ 'ಫೇರ್' ಎಂಬುದನ್ನು ಕಳಚಿಕೊಂಡಿತು. ಆದರೆ ನಮ್ಮ ವಧೂವರರ ಜಾಹೀರಾತುಗಳು ಬೆಳ್ಳಗಿನ ವಧುವನ್ನು ಹುಡುಕುವುದನ್ನು ಇನ್ನೂ ಬಿಟ್ಟಿಲ್ಲ. ಅದಿರಲಿ. ಟಿವಿಯ ಭಾಷೆ ತಿಳಿಯುವ ಮೊದಲೇ ಆ ಮಗು ತಾಯಿಯ ಸೊಂಟದ ಮೇಲೆ ಕುಳಿತು ನೋಡಿದ್ದು ನಮ್ಮ ಪೀಠದ ಇಕ್ಕೆಲಗಳಲ್ಲಿ ನಿಂತ ದೇವದೂತರನ್ನು. ಗುಲಾಬಿ ಕೆನ್ನೆ, ನೀಲಿ ಕಣ್ಣು, ಬಂಗಾರದ ಗುಂಗುರು ಕೂದಲು! ಪವಿತ್ರವಾದುದರ ಬಣ್ಣ ಯಾವುದೆಂದು ನಾವು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಆ ಬಂಗಾರದ ಮೂಲವನ್ನು ಕೆದಕಿದರೆ ನಗು ಬರುತ್ತದೆ. ಹದಿನಾರನೆಯ ಶತಮಾನದ ವೆನಿಸ್ ನಗರದ ಸ್ತ್ರೀಯರು ತಮ್ಮ ಕೂದಲನ್ನು ಹೊಂಬಣ್ಣಕ್ಕೆ ತಿರುಗಿಸಲು ಮಾಳಿಗೆಯೇರಿ, ನೆತ್ತಿಯ ಭಾಗವಿಲ್ಲದ ಅಗಲ ಅಂಚಿನ ಟೋಪಿ ಧರಿಸಿ, ಅಂಚಿನ ಮೇಲೆ ಕೂದಲು ಹರಡಿ, ಔಷಧದ ನೀರು ಸವರಿಕೊಂಡು ಬಿಸಿಲಿನಲ್ಲಿ ಕೂರುತ್ತಿದ್ದರು. ಚೆಸಾರೆ ವೆಚೆಲ್ಲಿಯೊ 1590ರ ತನ್ನ ಉಡುಪುಗಳ ಗ್ರಂಥದಲ್ಲಿ ಅದರ ಚಿತ್ರವನ್ನೇ ಕೊಟ್ಟಿದ್ದಾನೆ. ಅದೇ ನಗರದಲ್ಲಿ, ಅದೇ ಶತಮಾನದಲ್ಲಿ ತಿಶಿಯನ್ ಎಂಬ ಮಹಾನ್ ಚಿತ್ರಕಾರ ಮಗ್ದಲದ ಮರಿಯಳಿಗೆ ಹೊಂಗೂದಲು ಬರೆದ. ತನ್ನ ಊರಿನ ಸೊಗಸನ್ನು ಅವನು ಸಂತಳಿಗೆ ತೊಡಿಸಿದ. ಅದು ಅವನ ಹಕ್ಕು. ಆದರೆ ಅಂಥ ಚಿತ್ರಗಳ ವಾರಸುದಾರಿಕೆಯನ್ನು ಸ್ವರ್ಗದ ಭಾವಚಿತ್ರವೆಂದು ಗೋಡೆಗೆ ತೂಗುಹಾಕಿ ನಂಬಿದವರು ನಾವು. ಮಾತೆ ಮರಿಯಮ್ಮನವರು ಗಲಿಲೇಯದ ಒಂದು ಹಳ್ಳಿಯ ಯೆಹೂದ್ಯ ಕನ್ಯೆಯೆಂಬುದನ್ನು ಪ್ರಬೋಧನೆಯಲ್ಲಿ ಹೇಳುತ್ತೇವೆ, ಪ್ರತಿಮೆಯಲ್ಲಿ ಮರೆಯುತ್ತೇವೆ.

ಗೋವೆಯ ಆಂಜೆಲೊ ದ ಫೊನ್ಸೇಕಾ (1902–1967) ಸೀರೆಯುಟ್ಟ, ಕಂದು ಮೈಯ ಮರಿಯಮ್ಮನನ್ನು ಚಿತ್ರಿಸಿದಾಗ ತವರಿನವರೇ ಟೀಕಿಸಿದರು; ಆತ ಪುಣೆಯ ಆಶ್ರಮವೊಂದರಲ್ಲಿ ನೆಲೆನಿಂತು ಚಿತ್ರ ಬರೆದರು. ಯಾವುದೇ ಒಂದು ನಾಡಿನ ಶೈಲಿ ಧರ್ಮಸಭೆಯ ಏಕೈಕ ಶೈಲಿಯಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸ್ಪಷ್ಟಪಡಿಸಿತು. ನಾವು ಇಂದಿಗೂ ಗುಲಾಬಿ ಕೆನ್ನೆಯವರನ್ನೇ ಅಂಗಡಿಯಿಂದ ತರುತ್ತೇವೆ.

ಗುರುಮಠದಲ್ಲಿ ಓದಿದ ತೆರ್ತುಲ್ಲಿಯನ್ ನೆನಪಾಗುತ್ತಾನೆ. ಕ್ರಿ.ಶ. 200ರ ಸುಮಾರಿಗೆ ಆಫ್ರಿಕದ ಕಾರ್ಥೇಜಿನಲ್ಲಿ, ಕೇಸರಿಯಿಂದ ಕೂದಲು ಹಳದಿ ಮಾಡಿಕೊಳ್ಳುವ ಸ್ತ್ರೀಯರ ಮೇಲೆ ಆತ ಹರಿಹಾಯ್ದಿದ್ದಾನೆ. ಸ್ತ್ರೀಯರ ಬಗ್ಗೆ ಅವನ ಸಿಡುಕನ್ನೆಲ್ಲ ಒಪ್ಪುವವನು ನಾನಲ್ಲ. ಆದರೆ ಜರ್ಮನಿಯಲ್ಲೋ ಗಾಲ್ ಪ್ರಾಂತ್ಯದಲ್ಲೋ ಹುಟ್ಟಲಿಲ್ಲವೆಂದು ತಮ್ಮ ನಾಡಿನ ಬಗ್ಗೆಯೇ ಇವರು ನಾಚುತ್ತಾರೆಂದು ಅವನು ಇಟ್ಟ ಬೆರಳು ಗಾಯದ ಮೇಲೆಯೇ ಬಿದ್ದಿದೆ. ಅವನು ಕೇಳದೆ ಬಿಟ್ಟದ್ದು, ಆ ನಾಚಿಕೆಯನ್ನು ಅವರಲ್ಲಿ ಬಿತ್ತಿದವರು ಯಾರೆಂಬುದನ್ನು.

ನಾನು ಆ ಮಗಳಿಗೆ ಹೇಳಿದ್ದಿಷ್ಟು. ಇದು ಪಾಪವಲ್ಲ, ಪಾಪನಿವೇದನೆಗೆ ಹೊತ್ತು ತರಬೇಕಾದ ಹೊರೆಯಲ್ಲ. ಬ್ಲೀಚ್ ಕೂದಲಿಗೆ ಬಂಗಾರವನ್ನು ಸೇರಿಸುವುದಿಲ್ಲ, ಇರುವ ಬಣ್ಣವನ್ನು ಅಳಿಸುತ್ತದೆ. ಕೂದಲು ಒರಟಾಗುತ್ತದೆ, ನೆತ್ತಿ ಉರಿಯಬಹುದು, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಬುಡದಲ್ಲಿ ಕೆಂಚು ಮತ್ತೆ ಇಣುಕುತ್ತದೆ. ಇವೆಲ್ಲವೂ ತಿಳಿದ ಮೇಲೂ ಸಂತೋಷಕ್ಕಾಗಿ ಹಾಕಿಸಿಕೊಳ್ಳುವುದಾದರೆ ಹಾಕಿಸಿಕೋ. ಆ ನಾಟಕಗಳಿಗೆ ಉತ್ತರ ಕೊಡಲು ಹಾಕಿಸಿಕೊಳ್ಳುವುದಾದರೆ ಸ್ವಲ್ಪ ತಡೆ. ಉತ್ತರ ಕೊಡಬೇಕಾದವರು ನಾವು.

ಧರ್ಮೋಪದೇಶದ ಶಿಕ್ಷಕಿಯರೊಂದಿಗೆ ಮಾತಾಡಿದ್ದೇನೆ. ಈ ವರ್ಷದ ಕ್ರಿಸ್ಮಸ್ ನಾಟಕದ ಪಾತ್ರಗಳನ್ನು ಚೀಟಿ ಎತ್ತಿ ಹಂಚಲಾಗುವುದು. ಸಾಮಾನು ಕೋಣೆಯ ಪೆಟ್ಟಿಗೆಯಲ್ಲಿರುವ ಹಳದಿ ನೂಲಿನ ಕೂದಲುಗಳು ಅಲ್ಲೇ ಇರಲಿ. ಒಬ್ಬಿಬ್ಬರು ತಾಯಂದಿರು ಈಗಾಗಲೇ ಬಂದು ಗೊಣಗಿ ಹೋಗಿದ್ದಾರೆ; ಇನ್ನೂ ಬರುವವರಿದ್ದರೆ ಸಂಜೆ ಐದರ ನಂತರ ನಾನು ಕಚೇರಿಯಲ್ಲೇ ಇರುತ್ತೇನೆ.

ಆಗಮನ ಕಾಲದ ಮೊದಲ ಭಾನುವಾರದ ಮೊದಲ ವಾಚನ ಆ ಹುಡುಗಿಯದೇ. ಯಾವ ಬಣ್ಣದ ತಲೆಯಲ್ಲಿ ಬರುತ್ತಾಳೆಂಬುದು ನನಗೂ ತಿಳಿಯದು, ಅವಳಿನ್ನೂ ತೀರ್ಮಾನಿಸಿಲ್ಲವಂತೆ.