ತಿಳಿನೀರನ್ನು ಕಣ್ಣಿನಿಂದ ಅಳೆಯಲಾಗದು

ನಲ್ಲಿಯ ನೀರು ತಿಳಿಯಾಗಿದ್ದರೆ ಅದು ಶುದ್ಧವೆಂದು ನಂಬುವವರೇ ನಮ್ಮಲ್ಲಿ ಹೆಚ್ಚು. ಗದಗ ಜಿಲ್ಲೆಯ ಮುಂಡರಗಿಯಿಂದ ತುಮಕೂರು ಜಿಲ್ಲೆಯ ಪಾವಗಡದವರೆಗೆ ಬಯಲುಸೀಮೆಯ ಅನೇಕ ಊರುಗಳನ್ನು ಕಾಡುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಬಂಡೆಗಳ ಖನಿಜದಿಂದ ಕರಗಿ ಬರುವ ಈ ಅಂಶವು, ಬಿರುಕುಗಳಲ್ಲಿ ಬಹುಕಾಲ ನಿಂತ ಕೊಳವೆಬಾವಿಯ ನೀರಿನಲ್ಲಿ ಅಧಿಕವಾಗಿರುವುದುಂಟು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಕೊನೆಯ ಮಿತಿ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ಹಿರಿಯರ ಬೆನ್ನು, ಮೊಣಕಾಲು ಬಿಗಿಯುತ್ತವೆ. ಬಿಗಿದ ಮೂಳೆಯನ್ನು ಸಡಿಲಿಸುವ ಔಷಧವಿಲ್ಲ.

ಇಷ್ಟು ತಿಳಿದವರೂ ಮಾಡುವ ಮೊದಲ ಕೆಲಸ ಅಂಗಡಿಗೆ ಹೋಗಿ ಫಿಲ್ಟರ್ ಕೊಳ್ಳುವುದು. ನೀರನ್ನು ಪರೀಕ್ಷಿಸದೆ ಯಂತ್ರ ಕೊಳ್ಳುವುದು, ರೋಗ ತಿಳಿಯದೆ ಔಷಧ ನುಂಗಿದಂತೆಯೇ ಸರಿ. ಮಾರಾಟಗಾರನು ನೀರಿಗದ್ದಿ ತೋರಿಸುವ ಟಿಡಿಎಸ್ ಮಾಪಕವು ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆಯೇ ಹೊರತು ಫ್ಲೋರೈಡನ್ನು ಬೇರೆಯಾಗಿ ಗುರುತಿಸಲಾರದು. ಜಿಲ್ಲಾ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಒಯ್ಯುವ ಶ್ರಮ ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ.

ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಉಳಿಯುತ್ತದೆ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಅತಿನೇರಳೆ ದೀಪದ ಯಂತ್ರಗಳಿಂದಲೂ ಅದು ಹೋಗದು. ಸುಣ್ಣ, ಪಟಿಕ ಬೆರೆಸಿ ಕಲಕಿ ತಿಳಿಯಾಗಲು ಬಿಡುವ ನಲ್ಗೊಂಡ ವಿಧಾನ ಅಗ್ಗವಾದದ್ದು. ಆದರೆ ಪಟಿಕದ ಅಳತೆ ನೀರಿನ ಗುಣಕ್ಕೆ ತಕ್ಕಂತೆ ಇರಬೇಕು, ಮತ್ತು ಈ ಕೆಲಸ ದಿನವೂ ನಡೆಯಬೇಕು. ಮನೆಯ ಹೆಣ್ಣುಮಗಳ ಹೆಗಲಿಗೆ ಮತ್ತೊಂದು ಹೊರೆ ಎಂಬುದನ್ನು ಸಲಹೆ ಕೊಡುವವರು ಮರೆಯುತ್ತಾರೆ. ಸಕ್ರಿಯ ಅಲ್ಯೂಮಿನಾದ ಹರಳುಗಳು ಚೆನ್ನಾಗಿ ಹೀರುತ್ತವೆ. ಅವು ತುಂಬಿಹೋದ ಮೇಲೂ ನೀರು ಮೊದಲಿನಂತೆಯೇ ತಿಳಿಯಾಗಿ ಹರಿಯುತ್ತದೆ, ಅಪಾಯವಿರುವುದು ಅಲ್ಲಿಯೇ. ಆರ್‌ಓ ಯಂತ್ರವು ಬಹುಪಾಲು ಫ್ಲೋರೈಡನ್ನು ತಡೆಯುತ್ತದೆ, ಆದರೆ ಕೊಡುವ ನೀರಿಗಿಂತ ಹೊರಚೆಲ್ಲುವ ನೀರೇ ಸಾಮಾನ್ಯವಾಗಿ ಹೆಚ್ಚು. ಆ ನೀರಿನಲ್ಲಿ ಫ್ಲೋರೈಡ್ ಮತ್ತಷ್ಟು ಸಾಂದ್ರವಾಗಿರುವುದರಿಂದ ನೆಲ ಒರೆಸಲು ಬಳಸಬಹುದು, ದನಕರುಗಳಿಗೆ ಕುಡಿಸಬಾರದು.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುವ ಕುಟುಂಬಗಳು ಬೇಳೆ ಬೇಯಿಸಲು, ಮುದ್ದೆ ತಿರುವಲು, ಚಹಾ ಕಾಯಿಸಲು ನಲ್ಲಿಯ ನೀರನ್ನೇ ಬಳಸುತ್ತವೆ. ಲೋಟದಲ್ಲಿ ತಡೆದದ್ದು ತಟ್ಟೆಯಲ್ಲಿ ಒಳಸೇರುತ್ತದೆ. ಸ್ನಾನಕ್ಕೆ, ಬಟ್ಟೆಗೆ ಈ ನೀರಿನಿಂದ ತೊಂದರೆಯಿಲ್ಲ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಶುದ್ಧೀಕರಿಸಿದರೂ ಸಾಕು.

ಮನೆಮನೆಗೆ ಯಂತ್ರವೇ ಪರಿಹಾರವೆಂಬ ಮಾತನ್ನು ನಾನು ಒಪ್ಪಲಾರೆ. ಸುರಕ್ಷಿತ ನೀರು ಪೂರೈಸುವುದು ಸ್ಥಳೀಯ ಆಡಳಿತದ ಹೊಣೆ. ಪರೀಕ್ಷೆಯ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿಸಿ, ಘಟಕದ ಪೊರೆಯನ್ನು ಯಾವಾಗ ಬದಲಿಸಿದರೆಂದು ಕೇಳುವ ಹಕ್ಕು ನಮಗಿದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ತಾರಸಿಯುಳ್ಳವರು ಮುಂಗಾರಿಗೆ ಮೊದಲೇ ಅದನ್ನು ಗುಡಿಸಿ, ಮೊದಲ ಮಳೆಯನ್ನು ಹೊರಬಿಟ್ಟು, ನಂತರದ ನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ, ಕುದಿಸಿ ಕುಡಿಯಲು ಅದು ಯೋಗ್ಯ.