ಹಳೆಯ ವಿದ್ಯಾರ್ಥಿನಿಯರೂ ಶಾಲೆಯ ಆಡಳಿತವೂ

ಶಾಲೆಗಳ ಉತ್ಸವಗಳಲ್ಲಿ ಹಳೆಯ ವಿದ್ಯಾರ್ಥಿನಿಯರಿಗೆ ಸಲ್ಲುವ ಮರ್ಯಾದೆಗೆ ಕೊರತೆಯಿಲ್ಲ. ಮುಂದಿನ ಸಾಲಿನಲ್ಲಿ ಕುರ್ಚಿ ದೊರೆಯುವುದು. ಹೂವಿನ ಹಾರ ದೊರೆಯುವುದು. ಕಟ್ಟಡನಿಧಿಯ ರಸೀತಿ ಪುಸ್ತಕವೂ ತಪ್ಪದೆ ಎದುರಿಗೆ ಬರುವುದು. ಆದರೆ ಶಾಲೆಯ ಭಾರವನ್ನು ಹೊತ್ತ ಆಡಳಿತ ಮಂಡಳಿಯಲ್ಲಿ ಅವರಿಗೆ ಸ್ಥಾನವುಂಟೆ ಎಂದು ಕೇಳಿದರೆ, ಅನೇಕ ಸಂಸ್ಥೆಗಳಲ್ಲಿ ಮೌನವೇ ಉತ್ತರವಾಗುವುದು. ಈ ಮೌನವು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದು ವಾಚಕರಿಗೆ ತಿಳಿದದ್ದೇ. ಇದು ಮಳೆಯನ್ನು ನಂಬಿದ ಸೀಮೆ. ಕಡಲೆಕಾಯಿ ಕೈಕೊಟ್ಟ ವರ್ಷ ಶಾಲೆಯ ಶುಲ್ಕವು ಮನೆಯಲ್ಲಿ ಮೊದಲನೆಯ ಚಿಂತೆಯಾಗುವುದು. ಆ ಚಿಂತೆ ಹರಿಯದಿದ್ದಾಗ ಗಂಡುಮಗನ ಓದು ಉಳಿದು ಹೆಣ್ಣುಮಗಳ ಓದು ನಿಲ್ಲುವ ಭಯ ಇಂದಿಗೂ ಅಳಿದಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಹುಡುಗಿಯ ಗತಿಯೇನು, ಬೇಸಗೆಯಲ್ಲಿ ವಿದ್ಯಾರ್ಥಿನಿಲಯದ ತೊಟ್ಟಿಯಲ್ಲಿ ನೀರು ಎಷ್ಟು ದಿನ ಬಂದೀತು, ಪಾವಗಡದ ಗಡಿಯಲ್ಲಿ ತೆಲುಗನ್ನೇ ಮನೆಮಾತಾಗಿ ಆಡುವ ಮಗುವಿಗೆ ಕನ್ನಡದ ಪಾಠ ಮೊದಲ ವರ್ಷ ಹೇಗೆ ತೋರುವುದು, ಇವೆಲ್ಲ ಲೆಕ್ಕಪತ್ರಗಳಲ್ಲಿ ಕಾಣುವ ಸಂಗತಿಗಳಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯುಂಟಷ್ಟೆ. ಮಧುಗಿರಿಯ ಬೆಟ್ಟವನ್ನು ಪೇಟೆಯಿಂದ ನೋಡಿದವರಿಗೂ ಅದನ್ನು ಹತ್ತಿ ಇಳಿದವರಿಗೂ ಇರುವ ತಿಳಿವಳಿಕೆಯ ಅಂತರವೇ, ಶಾಲೆಯನ್ನು ಹೊರಗಿನಿಂದ ಬಲ್ಲವರಿಗೂ ಅದರ ಬೆಂಚಿನ ಮೇಲೆ ಕುಳಿತು ಕಲಿತವರಿಗೂ ಇರುವುದು.

ಮಿಷನ್ ಶಾಲೆಗಳ ಚರಿತ್ರೆಯೂ ಇದನ್ನೇ ಹೇಳುವುದು. ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ ಎಂಬವರು 1839ರಲ್ಲಿ ನಮ್ಮ ನೆರೆಯ ಗುಬ್ಬಿಗೆ ಬಂದಾಗ, ಆ ಮಿಷನ್ನಿನ ಕಾರ್ಯಗಳನ್ನು ನಿರ್ದೇಶಿಸುತ್ತಿದ್ದ ಮಂಡಳಿಯು ಲಂಡನ್ನಿನಲ್ಲಿತ್ತು. 1947ನೆಯ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದ ಮೇಲೆ ಹೊಣೆಯು ಈ ನಾಡಿನವರ ಕೈಗೆ ಬಂದಿತು. ಸಮುದ್ರದಾಚೆಯಿಂದ ನಾಡಿಗೆ ಬಂದ ಅಧಿಕಾರವು ಇನ್ನೊಂದು ಹೆಜ್ಜೆ ಮುಂದಿಟ್ಟು, ಕಲಿತ ಹೆಣ್ಣುಮಕ್ಕಳ ವರೆಗೆ ಬರುವುದು ಸಹಜವಲ್ಲವೆ?

ಕಾನೂನು ಇದನ್ನು ಮಾಡಿಕೊಡುವುದೆಂದು ಕಾದು ಕುಳಿತರೆ ಫಲವಿಲ್ಲ. 2009ರ ಶಿಕ್ಷಣ ಹಕ್ಕಿನ ಅಧಿನಿಯಮವು ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಂತೆ ತಂದೆತಾಯಿಗಳೂ ಪೋಷಕರೂ ಇರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿರುವುದು. ಆದರೆ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಆ ಪ್ರಕರಣವು ಅನ್ವಯಿಸದು. ಹಳೆಯ ವಿದ್ಯಾರ್ಥಿಗಳ ಹೆಸರಂತೂ ಅದರಲ್ಲಿಲ್ಲವೇ ಇಲ್ಲ. ಆದುದರಿಂದ ಸ್ವತಂತ್ರ ಶಾಲೆಯು ತಾನಾಗಿ ಬಾಗಿಲು ತೆರೆಯಬೇಕು.

ಪೋಷಕರಿದ್ದರೆ ಸಾಲದೆ ಎಂದು ಕೆಲವರು ಕೇಳಬಹುದು. ಪೋಷಕರು ಅವಶ್ಯವಾಗಿ ಇರಬೇಕು. ಆದರೆ ಮಗಳು ಎಸ್.ಎಸ್.ಎಲ್.ಸಿ. ಮುಗಿಸಿದ ದಿನ ಪೋಷಕರ ಆಸಕ್ತಿಯು ಮತ್ತೊಂದು ಕಾಲೇಜಿನ ಕಡೆಗೆ ತಿರುಗುವುದು ಲೋಕಸಹಜ. ಉಪಾಧ್ಯಾಯಿನಿಯರು ಸಂಬಳಕ್ಕಾಗಿ ಮಂಡಳಿಯನ್ನೇ ಅವಲಂಬಿಸಿದವರಾದ್ದರಿಂದ ಅಪ್ರಿಯವಾದ ಮಾತನ್ನು ಆಡಲು ಹಿಂಜರಿಯುವರು. ಹಳೆಯ ವಿದ್ಯಾರ್ಥಿನಿಗಾದರೋ ಶಾಲೆಯಿಂದ ಪಡೆಯಬೇಕಾದದ್ದು ಏನೂ ಉಳಿದಿಲ್ಲ. ಪಡೆದದ್ದು ಮಾತ್ರ ಉಂಟು. ನಿರ್ಭಯವಾಗಿ ನುಡಿಯಲು ಇದಕ್ಕಿಂತ ಉತ್ತಮವಾದ ಸ್ಥಿತಿಯಿಲ್ಲ.

ಇದಕ್ಕೆ ನಿದರ್ಶನವು ನಮ್ಮ ನೆರೆಯಲ್ಲಿಯೇ ಇದೆ. ಮಧುಗಿರಿಗೆ ಹೊಂದಿಕೊಂಡಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾಕ್ಟರ್ ಎಚ್. ನರಸಿಂಹಯ್ಯನವರು 1935ರಲ್ಲಿ ಕಾಲ್ನಡೆಯಿಂದ ಬೆಂಗಳೂರಿಗೆ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಬಡ ವಿದ್ಯಾರ್ಥಿಯಾಗಿ ಬಂದ ಅವರು ಮುಂದೆ ಅದೇ ಸಂಸ್ಥೆಯ ಕಾಲೇಜಿನಲ್ಲಿ ಅಧ್ಯಾಪಕರೂ ಪ್ರಿನ್ಸಿಪಾಲರೂ ಆಗಿ, ಕಡೆಗೆ ಆ ಶಿಕ್ಷಣ ಸಂಸ್ಥೆಯ ಅಧ್ಯಕ್ಷರೇ ಆದರು. ವಿಶ್ವವಿದ್ಯಾಲಯದ ಕುಲಪತಿ ಪದವಿಯನ್ನು ಕಂಡವರಾದರೂ 2005ರಲ್ಲಿ ಕಾಲವಾಗುವ ತನಕ ವಿದ್ಯಾರ್ಥಿನಿಲಯದ ಕೊಠಡಿಯನ್ನೇ ಮನೆಯಾಗಿ ಮಾಡಿಕೊಂಡಿದ್ದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜುಗಳು ಏಳಲು ಅವರ ಶ್ರಮವೇ ಕಾರಣ. ತಾನು ನಡೆದು ಬಂದ ದಾರಿಯು ಎಷ್ಟು ಉದ್ದವೆಂದು ಬಲ್ಲವನೇ ಮುಂದಿನವರಿಗೆ ಅದನ್ನು ಕಿರಿದು ಮಾಡಬಲ್ಲನು.

ಆಕ್ಷೇಪಗಳನ್ನೂ ನಾವು ಬಲ್ಲೆವು. ಹಳಬರು ‘ನಮ್ಮ ಕಾಲದಲ್ಲಿ’ ಎಂದು ಮಾತು ತೆಗೆದು ಹೊಸದಕ್ಕೆಲ್ಲ ಅಡ್ಡಿಯಾಗುವರೆಂಬುದು ಒಂದು; ಮುಖ್ಯೋಪಾಧ್ಯಾಯಿನಿಯ ದಿನನಿತ್ಯದ ಕೆಲಸದಲ್ಲಿ ಕೈಹಾಕುವರೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಮಂಡಳಿಯ ಕೆಲಸವು ಶಾಲೆಯ ಗುರಿಯನ್ನು ಕಾಯುವುದು, ಹಣದ ಲೆಕ್ಕವನ್ನು ನೋಡುವುದು, ಯೋಗ್ಯ ಮುಖ್ಯೋಪಾಧ್ಯಾಯಿನಿಯನ್ನು ಆರಿಸಿ ಆಕೆಗೆ ಬೆಂಬಲವಾಗಿ ನಿಲ್ಲುವುದು; ವೇಳಾಪಟ್ಟಿಯನ್ನು ತಿದ್ದುವುದಲ್ಲ. ಬಂಧುಗಳಿಗೆ ಉದ್ಯೋಗವನ್ನೋ ಕಂತ್ರಾಟನ್ನೋ ಕೊಡಿಸಲು ಬರುವವರು ದೂರವೇ ಇರಲಿ. ಸ್ಥಾನವು ಮೂರು ವರ್ಷಗಳ ಅವಧಿಗೆ ಮಾತ್ರ ಇರಲಿ. ಆಯ್ಕೆಯನ್ನು ಅಧ್ಯಕ್ಷರು ಮಾಡದೆ ಹಳೆಯ ವಿದ್ಯಾರ್ಥಿನಿಯರ ಸಂಘವೇ ಮಾಡಲಿ. ಪೇಟೆಯ ವಕೀಲೆ, ವೈದ್ಯೆಯರೊಂದಿಗೆ ಹಳ್ಳಿಯಲ್ಲಿ ಬೇಸಾಯದ ಮನೆಯನ್ನು ನಡೆಸುತ್ತಿರುವವಳೂ ಕುಳಿತುಕೊಳ್ಳಲಿ. ಬರಗಾಲದ ವರ್ಷದಲ್ಲಿ ಶುಲ್ಕದ ಗಡುವನ್ನು ಚರ್ಚಿಸುವಾಗ ಆಕೆಯ ಒಂದು ಮಾತು ಉಳಿದವರ ಹತ್ತು ಮಾತುಗಳಿಗೆ ಸಮನಾದೀತು.

ಸೋದರಿಯರೇ, ಸಂಸಾರದ ಭಾರವಿರುವುದು, ಊರು ದೂರವಿರುವುದು, ನಿಜ. ಆದರೆ ನಮ್ಮನ್ನು ಓದಿಸಿದವರಿಗೂ ಸಂಸಾರವಿತ್ತು. ಹೆಣ್ಣೊಂದು ಕಲಿತರೆ ಶಾಲೆಯೊಂದನ್ನು ತೆರೆದಂತೆ ಎನ್ನುವರು. ಆ ಹೆಣ್ಣು ತಾನು ಕಲಿತ ಶಾಲೆಯ ಬಾಗಿಲು ಮುಚ್ಚದಂತೆ ನೋಡಿಕೊಳ್ಳುವುದೂ ಆ ಮಾತಿನಲ್ಲಿಯೇ ಅಡಗಿದೆ. ಪೋಷಕ ಮಹಾಶಯರು ಈ ಬೇಡಿಕೆಗೆ ದನಿಗೂಡಿಸಲಿ. ಕರೆ ಬಂದ ದಿನ ನಾವು ಹಾರಕ್ಕಾಗಿ ಬಾರದೆ ಕೆಲಸಕ್ಕಾಗಿ ಬರೋಣ.